ಕೂಸು ಕಳೆದುಕೊಂಡ ಮೇಲೆ ಬರೆದುಕೊಟ್ಟ ಗುಳಿಗೆಯನ್ನು ಊರಿನ ವೈದ್ಯರು ಮುಂದುವರಿಸುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮುಧೋಳ ತಾಲ್ಲೂಕಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ತಾಲ್ಲೂಕಿನವಳು, ಖಾಸಗಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಈ ಮಳೆಗಾಲದ ಕೊನೆಯಲ್ಲಿ, ಎಂಟು ತಿಂಗಳು ತುಂಬುವ ಹೊತ್ತಿಗೆ, ಹೊಟ್ಟೆಯಲ್ಲಿ ಕೂಸು ಮಿಸುಕಾಡುವುದು ನಿಂತುಹೋಯಿತು. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಮಾಡಿ ಎದೆಬಡಿತ ಇಲ್ಲವೆಂದು ತಿಳಿಸಿ, ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ಆ ಆಸ್ಪತ್ರೆಯವರು ನನ್ನನ್ನು ಅಕ್ಕರೆಯಿಂದಲೇ ನೋಡಿಕೊಂಡರು; ನನ್ನ ದೂರು ಅವರ ಮೇಲಿಲ್ಲ.

ತವರಿಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ, ಅನ್ನ ಸೇರಲಿಲ್ಲ, ಸ್ನಾನಕ್ಕೆ ಏಳುವುದೂ ಬೇಡವಾಯಿತು. ಮರುತಪಾಸಣೆಗೆ ಹೋದಾಗ ಹೆರಿಗೆ ವೈದ್ಯರೇ ನನ್ನನ್ನು ಅಲ್ಲಿನ ಮನೋವೈದ್ಯರ ಬಳಿಗೆ ಕಳುಹಿಸಿದರು. ಅವರು ಬಹಳ ಹೊತ್ತು ಮಾತಾಡಿಸಿ, ಇದರಲ್ಲಿ ದುಃಖದ ಜೊತೆಗೆ ಹೆರಿಗೆಯ ನಂತರದ ಖಿನ್ನತೆಯೂ ಸೇರಿಕೊಂಡಿದೆ ಎಂದು ಹೇಳಿ, ಸರ್ಟ್ರಾಲಿನ್ ಗುಳಿಗೆಯನ್ನು 25 ಮಿಲಿಗ್ರಾಂನಿಂದ ಆರಂಭಿಸಿ 50ಕ್ಕೆ ಏರಿಸಿದರು. ಗುಣವಾದ ಮೇಲೂ ಕೆಲವು ತಿಂಗಳು ಬಿಡಬಾರದೆಂದು ಎಚ್ಚರಿಸಿದರು. ಗುಳಿಗೆ ಹಿಡಿಯಲು ಸಮಯ ಬೇಕಾಯಿತು, ಆದರೆ ಹಿಡಿಯಿತು. ರಾತ್ರಿ ನಿದ್ದೆ ಬರತೊಡಗಿತು. ಮಕ್ಕಳ ಉತ್ತರ ಪತ್ರಿಕೆಗಳನ್ನು ಮನೆಗೆ ತರಿಸಿಕೊಂಡು ತಿದ್ದುವಷ್ಟು ಮನಸ್ಸು ಮರಳಿತು.

ತೊಂದರೆ ಶುರುವಾದದ್ದು ಗುಳಿಗೆ ಮುಗಿಯುತ್ತ ಬಂದಾಗ. ಬೆಳಗಾವಿ ನಮಗೆ ನೂರು ಕಿಲೋಮೀಟರಿಗೂ ದೂರ, ಅಷ್ಟು ಹೊತ್ತು ಬಸ್ಸಿನಲ್ಲಿ ಕೂರುವ ಶಕ್ತಿ ನನಗಿನ್ನೂ ಬಂದಿಲ್ಲ. ಆದ್ದರಿಂದ ಅವ್ವನನ್ನು ಕರೆದುಕೊಂಡು ಇಲ್ಲಿಯ ವೈದ್ಯರ ಹತ್ತಿರ ಹೋಗಿ, ಹಳೆಯ ಚೀಟಿ ತೋರಿಸಿ, ಅದನ್ನೇ ಮುಂದುವರಿಸಿ ಬರೆದುಕೊಡಿ ಎಂದು ಕೇಳಿದೆ. ಅವರು ಚೀಟಿಯನ್ನು ಓದಿ, ಮಡಿಸಿ, ನನ್ನ ಕೈಗೆ ಕೊಡದೆ ಅವ್ವನ ಕೈಗೆ ಕೊಟ್ಟರು. "ಇವೆಲ್ಲ ತಲೆ ಕೆಟ್ಟವರಿಗೆ ಕೊಡುವ ಗುಳಿಗೆ, ರೂಢಿಯಾದರೆ ಬಿಡಿಸುವುದು ಕಷ್ಟ, ಮುಂದಿನ ವರ್ಷ ಇನ್ನೊಂದು ಕೂಸಾದರೆ ತಾನಾಗಿ ಸರಿಹೋಗುತ್ತಾಳೆ" ಎಂದು ಅವ್ವನಿಗೆ ಹೇಳಿದರು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆ ಬರೆದು ಕಳುಹಿಸಿದರು. ನಾನು ಅಲ್ಲೇ ಎದುರಿನ ಕುರ್ಚಿಯಲ್ಲಿ ಕೂತಿದ್ದೆ, ನನ್ನನ್ನು ಒಂದು ಮಾತು ಕೇಳಲಿಲ್ಲ.

ಔಷಧ ಅಂಗಡಿಯಲ್ಲಿ ಹಳೆಯ ಚೀಟಿಯ ಮೇಲೆ ಮುದ್ರೆ ಬಿದ್ದಿರುವುದರಿಂದ ಮತ್ತೆ ಕೊಡಲಾಗದು ಎಂದರು. ಈಗ ಕೆಲವೇ ಗುಳಿಗೆ ಉಳಿದಿವೆ. ದಿನ ಬಿಟ್ಟು ದಿನ ತೆಗೆದುಕೊಂಡು ಹೆಚ್ಚು ದಿನ ಬರುವಂತೆ ಮಾಡು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಅಂಗಡಿಯವರು ಹೇಳಿದ್ದು ಸರಿಯೇ? ಇಲ್ಲಿಯೇ ಇದ್ದು ಈ ಗುಳಿಗೆಯನ್ನು ಪಡೆಯುವ ದಾರಿ ಯಾವುದು? ಬಲ್ಲವರು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ವಿಜಯಪುರದ ನಿವೃತ್ತ ಔಷಧ ವ್ಯಾಪಾರಿ

ತಾಯಿ, ನಿಮ್ಮ ಬರಹ ಓದಿ ಮನಸ್ಸಿಗೆ ಬಹಳ ನೋವಾಯಿತು. ಅಂಗಡಿಯ ವಿಷಯ ನನಗೆ ಗೊತ್ತಿರುವುದರಿಂದ ಅಷ್ಟನ್ನು ಹೇಳುತ್ತೇನೆ.

ಸರ್ಟ್ರಾಲಿನ್ ಶೆಡ್ಯೂಲ್ ಎಚ್ ಪಟ್ಟಿಯ ಔಷಧ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಒಂದು ಚೀಟಿಗೆ ಒಂದೇ ಸಲ ಔಷಧ, ವೈದ್ಯರು ಮತ್ತೆ ಕೊಡಬಹುದೆಂದು ಅದೇ ಚೀಟಿಯ ಮೇಲೆ ಬರೆದಿದ್ದರೆ ಮಾತ್ರ ಎರಡನೆಯ ಸಲ. ಆದ್ದರಿಂದ ಅಂಗಡಿಯವರು ಕಾನೂನಿಗೆ ತಕ್ಕಂತೆಯೇ ನಡೆದುಕೊಂಡಿದ್ದಾರೆ, ಅವರ ಮೇಲೆ ಬೇಸರ ಬೇಡ. ಆದರೆ ಈ ನಿಯಮದಲ್ಲೇ ನಿಮಗೆ ದಾರಿಯೂ ಇದೆ. ಇನ್ನು ಮುಂದೆ ಯಾವ ವೈದ್ಯರು ಬರೆದುಕೊಟ್ಟರೂ, "ತಿಂಗಳಿಗೊಮ್ಮೆಯಂತೆ ಮೂರು ಸಲ ಕೊಡಬಹುದು" ಎಂದು ಸ್ಪಷ್ಟವಾಗಿ ಬರೆಯಿಸಿಕೊಳ್ಳಿ. ಆಗ ಅದೇ ಚೀಟಿಯಲ್ಲಿ ಅಂಗಡಿಯವರು ನಿಶ್ಚಿಂತೆಯಿಂದ ಕೊಡುತ್ತಾರೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಚೀಟಿಯಲ್ಲಿ ಕಂಪನಿಯ ಹೆಸರು ಬರೆದಿದ್ದರೆ, ಅದೇ ಔಷಧದ ಬೇರೆ ಕಂಪನಿಯ ಗುಳಿಗೆಯನ್ನು ನಾವು ನಮ್ಮಷ್ಟಕ್ಕೆ ಬದಲಿಸಿ ಕೊಡುವಂತಿಲ್ಲ. ಬೆಳಗಾವಿಯಲ್ಲಿ ಸಿಗುವ ಕಂಪನಿಯ ಗುಳಿಗೆ ತಾಲ್ಲೂಕಿನಲ್ಲಿ ಸಿಗದೆ ಹೋಗುವುದು ಸಾಮಾನ್ಯ, ಹೀಗಾಗಿ ಜನ ಬರಿಗೈಯಲ್ಲಿ ಮರಳುತ್ತಾರೆ. ಔಷಧದ ಮೂಲ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಬರೆಯಲು ವೈದ್ಯರನ್ನು ಕೇಳಿ. ಆಗ ಯಾವ ಅಂಗಡಿಯಲ್ಲಾದರೂ ತೆಗೆದುಕೊಳ್ಳಬಹುದು, ಜನೌಷಧಿ ಕೇಂದ್ರದಲ್ಲಿದ್ದರೆ ಬೆಲೆಯೂ ಕಡಿಮೆ. ಅಂಗಡಿಯಲ್ಲಿ ದಾಸ್ತಾನು ಇಲ್ಲದಿದ್ದರೆ ಹೋಲ್‌ಸೇಲಿನವರಿಂದ ತರಿಸಿಕೊಡಿ ಎಂದು ಹೇಳಿ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬರುತ್ತದೆ.

ಉತ್ತರ: ಗೋಕಾಕದಿಂದ ಒಬ್ಬ ಅಕ್ಕ

ತಂಗೀ, ನಾನೂ ಈ ದಾರಿಯಲ್ಲಿ ನಡೆದವಳು. ನನಗೆ ಕಷ್ಟವಾದದ್ದು ಬೇರೆ ಗುಳಿಗೆಗೆ. ಕೂಸು ಹೋದ ಮೂರನೆಯ ದಿನ ನನಗೆ ಹಾಲು ಇಳಿಯಿತು. ಕುಪ್ಪಸ ಒದ್ದೆಯಾಗಿ, ಎದೆ ಕಲ್ಲಿನಂತೆ ಗಟ್ಟಿಯಾಗಿ, ಮಗ್ಗುಲಾಗಿ ಮಲಗಲು ಸಹ ಆಗುತ್ತಿರಲಿಲ್ಲ. ಹಾಲು ಬತ್ತಿಸಲು ಕ್ಯಾಬರ್ಗೋಲಿನ್ ಎಂಬ ಗುಳಿಗೆಯನ್ನು ಹೆರಿಗೆ ಮಾಡಿಸಿದ ವೈದ್ಯರು ಬಿಡುಗಡೆಯ ಚೀಟಿಯಲ್ಲಿ ಬರೆದಿದ್ದರು, ನಮ್ಮೂರಿನಲ್ಲಿ ಅದು ಸಿಗಲಿಲ್ಲ. ಬದಲಿಗೆ ಏನು ತೆಗೆದುಕೊಳ್ಳಲಿ ಎಂದು ಇಲ್ಲಿಯ ವೈದ್ಯರನ್ನು ಕೇಳಿದರೆ, "ತಾನಾಗಿ ಬತ್ತುತ್ತದೆ, ಅದಕ್ಕೇಕೆ ಔಷಧ" ಎಂದು ಕೈಬಿಟ್ಟರು. ಮನೆಯ ಹಿರಿಯರು ರೂಢಿಯಂತೆ ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಅವರ ಪ್ರೀತಿಗೆ ನಾನು ಋಣಿ. ಆದರೆ ಆ ವಾಸನೆ ಇಂದಿಗೂ ನನಗೆ ಸಹಿಸಲಾಗುವುದಿಲ್ಲ. ಕೊನೆಗೆ ನಮ್ಮ ಯಜಮಾನರು ಬೆಳಗಾವಿಯಿಂದಲೇ ಗುಳಿಗೆ ತಂದುಕೊಟ್ಟರು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕೈಯಲ್ಲಿ ಕೂಸು ಇಲ್ಲವೆಂದ ಕೂಡಲೇ ನಮ್ಮನ್ನು ಬಾಣಂತಿಯೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೇಹಕ್ಕೆ ಆ ಭೇದ ತಿಳಿಯದು. ರಕ್ತ ಹೋಗುತ್ತದೆ, ಹಾಲು ಬರುತ್ತದೆ, ಮನಸ್ಸು ಕುಸಿಯುತ್ತದೆ. ನೀವು ಕೇಳುತ್ತಿರುವುದು ದಯೆಯನ್ನಲ್ಲ, ನಿಮಗೆ ಸಲ್ಲಬೇಕಾದ ಬಾಣಂತನದ ಆರೈಕೆಯನ್ನು.

ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ನಂತರ ಇನ್ನೊಬ್ಬ ವೈದ್ಯರು ನನ್ನ ಚೀಟಿಯನ್ನು ಮುಂದುವರಿಸಲು ಹಿಂಜರಿದಾಗ, "ತಜ್ಞರು ಬರೆದ ಔಷಧವನ್ನು ಯಾವ ಕಾರಣಕ್ಕೆ ನಿಲ್ಲಿಸುತ್ತಿದ್ದೀರೆಂದು ದಯವಿಟ್ಟು ಇದೇ ಚೀಟಿಯ ಹಿಂದೆ ಬರೆದುಕೊಡಿ, ಅವರಿಗೆ ತೋರಿಸುತ್ತೇನೆ" ಎಂದು ವಿನಯದಿಂದ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬೆಳಗಾವಿಯ ವೈದ್ಯರಿಗೆ ತಾವೇ ಫೋನ್ ಮಾಡಿ ಮಾತಾಡಿ ಔಷಧ ಬರೆದರು. ಅವ್ವನ ಬದಲು ಯಜಮಾನರನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ ನೋಡಿ. ಹೀಗೆ ಹೇಳಬೇಕಾಗಿ ಬಂದದ್ದಕ್ಕೆ ನನಗೂ ಸಂಕಟವಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಒಳ್ಳೆಯವರಾಗಿದ್ದರೆ ಅವರೂ ಜೊತೆಗೆ ಬರುತ್ತಾರೆ.

ಉತ್ತರ: ಜಮಖಂಡಿಯ ಹಿರಿಯರೊಬ್ಬರು

ಮಗಳೇ, ನಿನ್ನ ದುಃಖ ದೊಡ್ಡದು. ಆದರೆ ಊರಿನ ವೈದ್ಯರ ಮಾತನ್ನೂ ಪೂರ್ತಿ ತಳ್ಳಿಹಾಕಬೇಡ ಎಂದು ನನ್ನ ಕೋರಿಕೆ. ನಮ್ಮ ಸಂಬಂಧಿಕರಲ್ಲಿ ಒಬ್ಬರು ನಿದ್ದೆಯ ಗುಳಿಗೆಗೆ ಅಂಟಿಕೊಂಡು ಬಹಳ ವರ್ಷ ಬಿಡಲಾಗದೆ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಾಧ್ಯವಾದಷ್ಟು ಕಡಿಮೆ ಔಷಧ, ಮನೆಯವರ ಜೊತೆ ಮಾತು, ಬೆಳಗಿನ ನಡಿಗೆ ಇವುಗಳಿಂದಲೂ ಮನಸ್ಸು ಹಗುರಾಗುತ್ತದೆ.

ಉತ್ತರ: ಬೆಳಗಾವಿ ಜಿಲ್ಲೆಯ ಸರ್ಕಾರಿ ವೈದ್ಯೆ

ಮೊದಲು ಎಲ್ಲಕ್ಕಿಂತ ಅವಸರದ ಪ್ರಶ್ನೆಗೆ. ದಿನ ಬಿಟ್ಟು ದಿನ ತೆಗೆದುಕೊಳ್ಳಬೇಡಿ. ಸರ್ಟ್ರಾಲಿನ್‌ನ ಪ್ರಮಾಣ ರಕ್ತದಲ್ಲಿ ಸುಮಾರು ಒಂದು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ದಿನ ಬಿಟ್ಟರೆ ಪ್ರಮಾಣ ಏರಿಳಿತವಾಗಿ ತಲೆಸುತ್ತು, ವಾಕರಿಕೆ, ಸಿಡುಕು, ತಲೆಯೊಳಗೆ ವಿದ್ಯುತ್ ಹರಿದಂತಹ ಅನುಭವ ಬರಬಹುದು. ಅದನ್ನು ಕಂಡು ಮನೆಯವರು "ನೋಡಿ, ಗುಳಿಗೆಯೇ ಹೀಗೆ ಮಾಡಿದೆ" ಎನ್ನುತ್ತಾರೆ. ಹೊಸ ಚೀಟಿ ಸಿಗುವವರೆಗೆ ಪ್ರಮಾಣ ಇಳಿಸಲೇಬೇಕಾದರೆ, ನಿಮ್ಮ ಮನೋವೈದ್ಯರನ್ನು ಫೋನಿನಲ್ಲಿ ಕೇಳಿ, ಪ್ರತಿದಿನ ಅರ್ಧ ಗುಳಿಗೆ ತೆಗೆದುಕೊಳ್ಳುವುದು ದಿನ ಬಿಡುವುದಕ್ಕಿಂತ ಮೇಲು.

ಜಮಖಂಡಿಯ ಹಿರಿಯರು ಹೇಳಿದ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಅವರು ಕಂಡದ್ದು ಬಹುಶಃ ಆಲ್ಪ್ರಾಜೋಲಾಂ ಜಾತಿಯ ನಿದ್ದೆಯ ಗುಳಿಗೆ. ಅದು ಚಟ ಹಿಡಿಸುವುದು ನಿಜ, ಅದಕ್ಕೆಂದೇ ಅದನ್ನು ಶೆಡ್ಯೂಲ್ ಎಚ್1 ಪಟ್ಟಿಗೆ ಸೇರಿಸಿ, ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದಿಡುವಂತೆ ಮಾಡಿದ್ದಾರೆ. ಸರ್ಟ್ರಾಲಿನ್ ಆ ಗುಂಪಿನದಲ್ಲ. ಇನ್ನೂ ಬೇಕು, ಹೆಚ್ಚು ಬೇಕು ಎಂಬ ಹಂಬಲವನ್ನು ಅದು ಹುಟ್ಟಿಸುವುದಿಲ್ಲ. ನಿಲ್ಲಿಸುವಾಗ ಮಾತ್ರ ನಿಧಾನವಾಗಿ ಇಳಿಸಬೇಕು. ಇನ್ನೊಂದು ಕೂಸಾದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಚಿಕಿತ್ಸೆ ಪಡೆಯದ ಖಿನ್ನತೆ ಮುಂದಿನ ಬಸಿರಿನಲ್ಲಿಯೂ ಜೊತೆಗೇ ಬರಬಹುದು. ವೈದ್ಯೆಯಾಗಿ ಈ ಮಾತನ್ನು ನನ್ನ ವೃತ್ತಿಯವರೊಬ್ಬರ ಬಾಯಲ್ಲಿ ಕೇಳುವುದು ನನಗೆ ನೋವಿನ ಸಂಗತಿ.

ಇನ್ನು ದಾರಿ. ನಿಮಗೆ ಎಲ್ಲಕ್ಕಿಂತ ಸುಲಭದ ದಾರಿ ಬೆಳಗಾವಿಯ ಆ ಮನೋವೈದ್ಯರೇ. ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಈಗಾಗಲೇ ನಿಮ್ಮನ್ನು ಮುಖತಃ ಪರೀಕ್ಷಿಸಿದ ವೈದ್ಯರು ಅದೇ ಕಾಯಿಲೆಗೆ ಫೋನ್ ಅಥವಾ ವಿಡಿಯೊ ಕರೆಯಲ್ಲಿ ಮಾತಾಡಿ, ಸಹಿ ಮಾಡಿದ ಚೀಟಿಯನ್ನು ಮೊಬೈಲಿಗೆ ಕಳುಹಿಸಬಹುದು. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಫೋನ್ ಮಾಡಿ, ನಿಮ್ಮ ನೋಂದಣಿ ಸಂಖ್ಯೆ ಹೇಳಿ ಸಮಯ ಕೇಳಿ. ಜೊತೆಗೆ ನಿಮ್ಮ ಚಿಕಿತ್ಸೆಯ ದಾಖಲೆಗಳ ಪ್ರತಿಗೆ ಲಿಖಿತವಾಗಿ ಕೋರಿ. 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಾವಳಿಯಂತೆ ಕೇಳಿದ 72 ಗಂಟೆಗಳೊಳಗೆ ಕೊಡಬೇಕು. ಎಲ್ಲಿಗೆ ಹೋದರೂ ಆ ದಾಖಲೆ ನಿಮ್ಮ ಪರವಾಗಿ ಮಾತಾಡುತ್ತದೆ.

ಅದು ತಡವಾದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ, ಹೋಗುವ ಮೊದಲು ದಿನವನ್ನು ವಿಚಾರಿಸಿಕೊಳ್ಳಿ. ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯೂ ಇದೆ, ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧ ಪಟ್ಟಿಯ ಔಷಧಗಳನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಅಲ್ಲಿ ಸರ್ಟ್ರಾಲಿನ್ ಬದಲು ಅದೇ ಗುಂಪಿನ ಎಸ್ಸಿಟಾಲೋಪ್ರಾಮ್ ಅಥವಾ ಫ್ಲುಯೊಕ್ಸೆಟಿನ್ ಇರಬಹುದು. ಬದಲಾವಣೆ ಬೇಕಾದರೆ ಮನೋವೈದ್ಯರೇ ಪ್ರಮಾಣ ಹೊಂದಿಸಿ ಮಾಡಲಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿಯೇ ಮಾತಾಡುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ಸಂಪರ್ಕ ಕೊಡುತ್ತಾರೆ. ಬದುಕು ಬೇಡವೆನಿಸಿದರೆ, ಇಲ್ಲದ ಧ್ವನಿ ಕೇಳಿಸಿದರೆ ಚೀಟಿಗಾಗಿ ಕಾಯದೆ ಅದೇ ಗಳಿಗೆಯಲ್ಲಿ ಮನೆಯವರಿಗೆ ಹೇಳಿ, ಆ ಸಂಖ್ಯೆಗೆ ಕರೆ ಮಾಡಿ, 108ರಲ್ಲಿ ಆಸ್ಪತ್ರೆಗೆ ಹೋಗಿ.

ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಮಾಡಿಸಿಕೊಳ್ಳಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಇಂಥದೇ ದಣಿವು ಮತ್ತು ಕುಸಿತ ಕಾಣುತ್ತದೆ. ಆ ಮಟ್ಟಿಗೆ ಕಬ್ಬಿಣದ ಗುಳಿಗೆ ಬೇಡವೆಂದೇನೂ ನಾನು ಹೇಳುವುದಿಲ್ಲ, ಅದರ ಜೊತೆಗೆ ಇದೂ ಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರೇ, ನಿಮ್ಮ ಮಾತನ್ನು ಕಾಳಜಿಯೆಂದೇ ಸ್ವೀಕರಿಸಿದ್ದೇನೆ. ನಡಿಗೆಯನ್ನೂ ಆರಂಭಿಸಿದ್ದೇನೆ, ಆದರೆ ಅಂಗಳ ದಾಟುವ ಶಕ್ತಿ ನನಗೆ ಬಂದದ್ದು ಗುಳಿಗೆ ಹಿಡಿದ ಮೇಲೆಯೇ. ಬೆಳಗಾವಿಯ ವೈದ್ಯರು ವಿಡಿಯೊ ಕರೆಯಲ್ಲಿ ಮಾತಾಡಿ ಹೊಸ ಚೀಟಿ ಕಳುಹಿಸಿದರು. ಮೂಲ ಹೆಸರನ್ನು ಬರೆದು, ಮೂರು ಸಲ ಕೊಡಬಹುದೆಂದೂ ಸೇರಿಸಿದ್ದಾರೆ. ಅಂಗಡಿಯಲ್ಲಿ ಮರುಮಾತಿಲ್ಲದೆ ಕೊಟ್ಟರು. ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ. ಒಂದು ಸಂದೇಹ ಉಳಿದಿದೆ. ಮುಂದೆ ಎಂದಾದರೂ ಬಸಿರಾದರೆ ಈ ಗುಳಿಗೆಯನ್ನು ಅಂದೇ ನಿಲ್ಲಿಸಬೇಕೆ?

ಉತ್ತರ: ಬೆಳಗಾವಿ ಜಿಲ್ಲೆಯ ಸರ್ಕಾರಿ ವೈದ್ಯೆ

ನಿಲ್ಲಿಸಬೇಡಿ, ತಕ್ಷಣ ತಿಳಿಸಿ. ಬಸುರಿಯರಲ್ಲಿ ಹೆಚ್ಚು ಬಳಕೆಯಲ್ಲಿರುವ ಖಿನ್ನತೆಯ ಔಷಧಗಳಲ್ಲಿ ಸರ್ಟ್ರಾಲಿನ್ ಒಂದು. ಮುಂದುವರಿಸುವುದೋ ಇಳಿಸುವುದೋ ಎಂಬುದನ್ನು ಹೆರಿಗೆ ವೈದ್ಯರು ಮತ್ತು ಮನೋವೈದ್ಯರು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಜೊತೆ ಮಾತಾಡಿ ನಿರ್ಧರಿಸಬೇಕು. ಅದಕ್ಕಿಂತ ಮೊದಲು ಈ ಸಲ ಕೂಸು ಹೋದ ಕಾರಣವೇನೆಂದು ದಾಖಲೆಯಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಹೆರಿಗೆ ವೈದ್ಯರಿಂದ ಕೇಳಿ ತಿಳಿದುಕೊಳ್ಳಿ. ಥೈರಾಯ್ಡ್ ವರದಿ ಬಂದ ಕೂಡಲೇ ಅದರ ಪ್ರತಿಯನ್ನು ಇಬ್ಬರಿಗೂ ಕಳುಹಿಸಿ.