ಅಪ್‌ಡೇಟ್: ನಾಯಿ ಕಣ್ಣಿಗೆ ಮನೆಯಲ್ಲಿದ್ದ ಡ್ರಾಪ್ಸ್ ಹಾಕಲೇ ಎಂದು ಕೇಳಿದ್ದೆ

ತೋಟದ ನಾಯಿ ಒಂದು ಕಣ್ಣು ಕಿರಿದು ಮಾಡಿ ನೀರು ಸುರಿಸುತ್ತಿತ್ತು, ಮನೆಯಲ್ಲಿದ್ದದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಬೆರೆತ ಡ್ರಾಪ್ಸ್. ‘ಬೇಡ, ಮೊದಲು ಬಣ್ಣ ಹಾಕಿ ನೋಡಿಸಿ’ ಎಂದವರ ಮಾತೇ ಸರಿ. ಶಿರಸಿಯಲ್ಲಿ ಪಶುವೈದ್ಯರು ಫ್ಲೋರೆಸಿನ್ ಎಂಬ ಬಣ್ಣದ ಪಟ್ಟಿಯನ್ನು ಸಲೈನಿನಲ್ಲಿ ನೆನೆಸಿ ಕಣ್ಣಿಗೆ ಮುಟ್ಟಿಸಿದರು. ತೊಳೆದು ನೀಲಿ ಬೆಳಕು ಬಿಟ್ಟಾಗ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲೆ ಹಸಿರು ಗೀರು ಎದ್ದು ಕಂಡಿತು. ಅಡಿಕೆ ಸೋಗೆ ತಾಗಿರಬೇಕು.

ಇಂಥ ಹುಣ್ಣಿಗೆ ಸ್ಟಿರಾಯ್ಡ್ ಬಿದ್ದರೆ ಮೇಲ್ಪದರ ಕೂಡುವುದು ನಿಧಾನವಾಗುತ್ತದೆ, ಸೋಂಕು ಹೆಚ್ಚುತ್ತದೆ, ಕಾರ್ನಿಯಾದ ಹಂದರವಾದ ಕೊಲಾಜೆನ್ ಕರಗಿಸುವ ಕಿಣ್ವಗಳಿಗೂ ಬಲ ಬರುತ್ತದೆ. ಕಾರ್ನಿಯಾ ತೂತಾಗುವವರೆಗೂ ಹೋಗಬಹುದು. ಪರೀಕ್ಷೆಗೆ ಬಳಸುವ ಮರಗಟ್ಟಿಸುವ ಹನಿಯನ್ನೂ ಮನೆಗೆ ಕೇಳಬಾರದು. ಪದೇಪದೇ ಹಾಕಿದರೆ ಅದೂ ಮೇಲ್ಪದರಕ್ಕೆ ವಿಷವೇ.

ಬರೆದುಕೊಟ್ಟದ್ದು ಟೋಬ್ರಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಹನಿ, ನೋವಿಗೆ ಅಟ್ರೋಪಿನ್, ರಾತ್ರಿಗೆ ಲೂಬ್ರಿಕೆಂಟ್ ಮುಲಾಮು. ಒಂದು ಸಲಕ್ಕೆ ಒಂದೇ ಹನಿ ಸಾಕು, ಉಳಿದದ್ದು ಕೆನ್ನೆಗೆ ಇಳಿಯುತ್ತದೆ. ಎರಡು ಬೇರೆ ಬೇರೆ ಔಷಧಿಯ ಹನಿಗಳ ನಡುವೆ 5–10 ನಿಮಿಷ ಅಂತರ ಬೇಕು, ಮುಲಾಮು ಕೊನೆಗೆ. ಅಟ್ರೋಪಿನ್ ಗಂಟಲಿಗಿಳಿದರೆ ಕಹಿಗೆ ಜೊಲ್ಲು ಸುರಿಯುತ್ತದೆ, ಗಾಬರಿ ಬೇಡ. ಆದರೆ ಅದು ಕಣ್ಣೀರನ್ನು ಕಡಿಮೆ ಮಾಡುವುದರಿಂದ ಕಣ್ಣೀರು ಅಳೆಯುವ ಶಿರ್ಮರ್ ಕಾಗದದ ಪಟ್ಟಿಯ ಅಳತೆ ಮೊದಲೇ ಆಗಬೇಕು: ನಿಮಿಷಕ್ಕೆ 15 ಮಿ.ಮೀ. ದಾಟಿದರೆ ಸರಿ, 10ಕ್ಕಿಂತ ಕೆಳಗಿದ್ದರೆ ಒಣಗಣ್ಣು. ನಾಯಿ ಕಣ್ಣು ಕೆರೆಯದಂತೆ ಹಾಕುವ ಕತ್ತಿನ ಕೋನ್ ತೆಗೆಯಲೇಬೇಡಿ.

ಮೇಲ್ಮೈ ಗೀರು ಸಾಮಾನ್ಯವಾಗಿ ವಾರದೊಳಗೆ ಕೂಡುತ್ತದೆ. ಅಂಚು ಹಸಿರಾಗಿ ನಡುವೆ ಬಣ್ಣ ಹಿಡಿಯದಿದ್ದರೆ ಒಳಪೊರೆವರೆಗೆ ಕೊರೆದಿದೆ ಎಂದರ್ಥ. ಅದಕ್ಕೆ ಅಂದೇ ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕು.