ಅಪ್ಪನಿಗೆ ಸೂಪರ್‌ಕಾರ್ ಓಡಿಸುವ ಉಡುಗೊರೆ: ಯಾವ ಟ್ರ್ಯಾಕ್, ಯಾವ ಕಾರು, ಎಷ್ಟು ಸುತ್ತು?

ಸಕಲೇಶಪುರದವಳು (ಮಿಲ್ಟನ್ ಕೀನ್ಸ್):

ಎಲ್ಲರಿಗೂ ನಮಸ್ಕಾರ. ನನ್ನ ತಂದೆ ರಾಜ್ಯ ರಸ್ತೆ ಸಾರಿಗೆಯಲ್ಲಿ 29 ವರ್ಷ ಚಾಲಕರಾಗಿದ್ದು ನಿವೃತ್ತರಾದವರು. ಆ ಸೇವೆಯ ಬಹುಪಾಲು ಬೆಂಗಳೂರು–ಮಂಗಳೂರು ರಾತ್ರಿ ಬಸ್ಸಿನಲ್ಲಿ, ಶಿರಾಡಿ ಘಾಟಿ ಹತ್ತಿ ಇಳಿಯುವುದರಲ್ಲೇ ಕಳೆಯಿತು. ಈಗ ಅವರಿಗೆ 63 ವರ್ಷ. ಬರುವ ಮೇ ತಿಂಗಳಲ್ಲಿ ಅಪ್ಪ, ಅಮ್ಮ ಮೊದಲ ಬಾರಿಗೆ ಇಂಗ್ಲೆಂಡಿಗೆ ಬಂದು ಮೂರು ತಿಂಗಳು ನಮ್ಮೊಂದಿಗೆ ಇರಲಿದ್ದಾರೆ. ಬದುಕಿಡೀ ಇತರರನ್ನು ಊರು ಮುಟ್ಟಿಸುವುದಕ್ಕಾಗಿಯೇ ಸ್ಟಿಯರಿಂಗ್ ಹಿಡಿದ ಅವರು ಒಂದು ದಿನವಾದರೂ ತಮ್ಮ ಸಂತೋಷಕ್ಕಾಗಿ, ಒಂದು ಒಳ್ಳೆಯ ಕಾರನ್ನು ಟ್ರ್ಯಾಕ್ ಮೇಲೆ ಓಡಿಸಬೇಕೆಂಬುದು ನನ್ನ ಆಸೆ.

ಇಂಥ ಚಾಲನೆಗೆ ಇಲ್ಲಿ ಸಿಗುವ ಉಡುಗೊರೆ ವೋಚರ್‌ಗಳನ್ನು ಒಂದು ವಾರದಿಂದ ನೋಡುತ್ತಿದ್ದೇನೆ, ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಂದೇ ಬೆಲೆಗೆ ಒಂದು ಕಡೆ ನಾಲ್ಕು ಕಾರುಗಳನ್ನು ಒಂದೊಂದು ಸುತ್ತು ಓಡಿಸಬಹುದು, ಇನ್ನೊಂದು ಕಡೆ ಒಂದೇ ಕಾರನ್ನು ಆರು ಸುತ್ತು. ಸಿಲ್ವರ್‌ಸ್ಟೋನ್ ರೇಸ್ ಟ್ರ್ಯಾಕ್ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ, ಆದರೆ ಅದೇ ಸರಿಯಾದ ಆಯ್ಕೆಯೇ ಎಂಬುದು ತಿಳಿಯದು. ಅಪ್ಪನ ಬಲ ಮಂಡಿಯಲ್ಲಿ ನೋವಿದೆ, ಅವರಲ್ಲಿರುವುದು ಭಾರತದ ಲೈಸೆನ್ಸ್ ಮಾತ್ರ, ಮತ್ತು ಅವರು ಗೇರ್ ಕಡ್ಡಿ ಇಲ್ಲದ ವಾಹನವನ್ನು ಒಮ್ಮೆಯೂ ಓಡಿಸಿಲ್ಲ. ಈ ಮೂರನ್ನೂ ಗಮನದಲ್ಲಿಟ್ಟು ಅನುಭವವಿದ್ದವರು ಸಲಹೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ನೇತ್ರಾವತಿ (ಸ್ಲೌ):

ನಾಲ್ಕು ಕಾರುಗಳ ವೋಚರನ್ನು ದಯವಿಟ್ಟು ಕೊಳ್ಳಬೇಡಿ. ನನ್ನ ಗಂಡನ ನಲವತ್ತನೆಯ ಹುಟ್ಟುಹಬ್ಬಕ್ಕೆ ನಾನು ಕೊಂಡದ್ದು ಅದನ್ನೇ. ಸೀಟು ಸರಿಪಡಿಸಿಕೊಂಡು, ಪಕ್ಕದಲ್ಲಿ ಕುಳಿತ ತರಬೇತುದಾರರು ಹೇಳಿದ್ದನ್ನು ಕೇಳಿಸಿಕೊಂಡು, ಬ್ರೇಕ್ ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಎಂಬುದು ಕಾಲಿಗೆ ಅರ್ಥವಾಗುವ ಹೊತ್ತಿಗೆ ಒಂದು ಸುತ್ತು ಮುಗಿದಿರುತ್ತದೆ. ಇಳಿದು, ಮುಂದಿನ ಕಾರಿನ ಸರದಿಗಾಗಿ ಮತ್ತೆ ನಿಲ್ಲಬೇಕು. ನಾವು ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಮಧ್ಯಾಹ್ನ ಎರಡರವರೆಗೆ ಅಲ್ಲಿದ್ದೆವು. ಅವರು ಸ್ಟಿಯರಿಂಗ್ ಹಿಡಿದ ಒಟ್ಟು ಸಮಯ ಕಾಲು ಗಂಟೆ ತುಂಬಲಿಲ್ಲ. ನಾಲ್ಕು ಕಾರುಗಳ ಫೋಟೋಗಳು ಮನೆಯಲ್ಲಿವೆ, ಆದರೆ ಯಾವ ಕಾರು ಹೇಗಿತ್ತು ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ.

ಹಣದ ವಿಷಯದಲ್ಲೂ ಎಚ್ಚರವಿರಲಿ, ಏಕೆಂದರೆ ವೋಚರಿನ ಮೇಲಿನ ಬೆಲೆಯೇ ಪೂರ್ತಿ ಬೆಲೆಯಲ್ಲ. ಕಾರಿಗೆ ಪೆಟ್ಟಾದರೆ ಚಾಲಕನೇ ಭರಿಸಬೇಕಾದ ಮೊತ್ತವನ್ನು ಇಳಿಸಿಕೊಳ್ಳಲು ಅಂದೇ ಬೆಳಿಗ್ಗೆ ಪ್ರತ್ಯೇಕ ಶುಲ್ಕ ಕಟ್ಟಿಸಿಕೊಂಡರು. ಶನಿವಾರ ಬೇಕೆಂದರೆ ಒಂದು ಹೆಚ್ಚುವರಿ, ವಿಡಿಯೋಗೆ ಇನ್ನೊಂದು. ವೋಚರಿನ ಅವಧಿ ಮುಗಿಯುವ ಮೊದಲು ಖಾಲಿ ದಿನಾಂಕವೇ ಸಿಗದೆ ವಿಸ್ತರಣೆಗೂ ಹಣ ಕೊಟ್ಟೆ. ಕೊನೆಗೆ ಅಲ್ಲಿಗೆ ಹೋದಾಗ ನಾವು ಬಯಸಿದ್ದ ಕಾರು ರಿಪೇರಿಗೆ ಹೋಗಿತ್ತು. ‘ಅಥವಾ ಅದಕ್ಕೆ ಸಮಾನವಾದ ಕಾರು’ ಎಂಬ ಮಾತು ಷರತ್ತುಗಳ ಕೊನೆಯಲ್ಲಿ ಇದ್ದದ್ದನ್ನು ನಾನು ಓದಿರಲಿಲ್ಲ. ನಿಮ್ಮ ತಂದೆ ಇಲ್ಲಿರುವುದು ಮೂರೇ ತಿಂಗಳಾದ್ದರಿಂದ ಮೊದಲು ದಿನಾಂಕ ಖಾಲಿ ಇದೆಯೇ ಎಂದು ಫೋನಿನಲ್ಲಿ ಕೇಳಿ, ಆಮೇಲೆ ಹಣ ಕಟ್ಟಿ.

ತಿರುವಿನಾಚೆ (ಕೆಂಟ್):

ನಾನು ಹನ್ನೆರಡು ವರ್ಷಗಳಿಂದ ನನ್ನ ಹಳೆಯ ಕಾರನ್ನು ಇಲ್ಲಿನ ಟ್ರ್ಯಾಕ್‌ಗಳಿಗೆ ಒಯ್ದು ಓಡಿಸುತ್ತಿರುವವನು; ಈ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನೇತ್ರಾವತಿಯವರು ಹೇಳಿದ್ದು ಅಕ್ಷರಶಃ ನಿಜ. ಅದಕ್ಕೆ ಸೇರಿಸಬೇಕಾದದ್ದು ಸ್ವಲ್ಪ ಹೆಚ್ಚೇ ಇದೆ.

ಸುತ್ತುಗಳ ಸಂಖ್ಯೆಯನ್ನು ಮಾತ್ರ ನೋಡಬೇಡಿ, ಸುತ್ತಿನ ಉದ್ದವನ್ನೂ ನೋಡಿ, ಗುಣಿಸಿ. ನಮ್ಮ ಕೆಂಟ್‌ನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನ ಚಿಕ್ಕ ಸುತ್ತಾದ ಇಂಡಿ ಸರ್ಕ್ಯೂಟ್ ಎರಡು ಕಿಲೋಮೀಟರಿಗೂ ತುಸು ಕಡಿಮೆ, ಆದ್ದರಿಂದ ಅಲ್ಲಿ ಮೂರು ಸುತ್ತು ಎಂದರೆ ಆರು ಕಿಲೋಮೀಟರ್ ಕೂಡ ಆಗುವುದಿಲ್ಲ, ಐದು ನಿಮಿಷದೊಳಗೆ ಎಲ್ಲವೂ ಮುಗಿದುಹೋಗುತ್ತದೆ. ಹ್ಯಾಂಪ್‌ಷೈರ್‌ನ ಥ್ರಕ್ಸ್‌ಟನ್ ಒಂದು ಸುತ್ತಿಗೆ ಸುಮಾರು 3.8 ಕಿಲೋಮೀಟರ್. ಸಿಲ್ವರ್‌ಸ್ಟೋನ್ ವಿಷಯದಲ್ಲಿ ಜನರು ಹೆಚ್ಚಾಗಿ ಮೋಸ ಹೋಗುವುದು ಹೆಸರಿಗೆ. ದೂರದರ್ಶನದಲ್ಲಿ ಕಾಣುವ ಗ್ರ್ಯಾನ್ ಪ್ರೀ ಸರ್ಕ್ಯೂಟಿನ ಉದ್ದ 5.891 ಕಿಲೋಮೀಟರ್, ಆದರೆ ಅದೇ ಆವರಣದಲ್ಲಿ 2.64 ಕಿಲೋಮೀಟರಿನ ನ್ಯಾಷನಲ್ ಸರ್ಕ್ಯೂಟ್, ಅದಕ್ಕಿಂತ ತುಸು ಉದ್ದದ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಒಳಗಡೆ ಇನ್ನೂ ಚಿಕ್ಕದಾದ ಸ್ಟೋ ಸರ್ಕ್ಯೂಟ್ ಕೂಡ ಇವೆ. ವೋಚರಿನಲ್ಲಿ ‘ಸಿಲ್ವರ್‌ಸ್ಟೋನ್’ ಎಂದಷ್ಟೇ ಇದ್ದರೆ ಇವುಗಳಲ್ಲಿ ಯಾವುದು ಎಂದು ಕೇಳಲೇಬೇಕು.

ಇನ್ನೊಂದು ಬಗೆಯ ಸ್ಥಳವಿದೆ. ಬಳಕೆಯಲ್ಲಿಲ್ಲದ ವಿಮಾನ ನಿಲ್ದಾಣದ ರನ್‌ವೇ ಮೇಲೆ ಕೋನ್‌ಗಳನ್ನು ಇಟ್ಟು ತಿರುವುಗಳನ್ನು ಮಾಡಿರುತ್ತಾರೆ. ಸಿಲ್ವರ್‌ಸ್ಟೋನ್, ಥ್ರಕ್ಸ್‌ಟನ್, ಗುಡ್‌ವುಡ್ ಇವೆಲ್ಲ ಎರಡನೆಯ ಮಹಾಯುದ್ಧದ ಕಾಲದ ವಾಯುನೆಲೆಗಳಿಂದಲೇ ಹುಟ್ಟಿದವು, ಆದರೆ ಅವು ಈಗ ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್‌ಗಳು; ನಾನು ಹೇಳುತ್ತಿರುವುದು ಇಂದಿಗೂ ಬರಿಯ ರನ್‌ವೇ ಆಗಿಯೇ ಉಳಿದಿರುವ ಜಾಗಗಳ ಬಗ್ಗೆ. ಅಲ್ಲಿ ತಪ್ಪಿದರೂ ಬಡಿಯಲು ಏನೂ ಇರುವುದಿಲ್ಲ, ಬೆಲೆಯೂ ಕಡಿಮೆ. ಆದರೆ ಸುತ್ತ ಬಯಲೇ ಬಯಲಾಗಿರುವುದರಿಂದ ನೂರೈವತ್ತರ ವೇಗವೂ ಕಣ್ಣಿಗೆ ಎಂಬತ್ತರಂತೆ ಕಾಣುತ್ತದೆ. ಬದುಕಿಡೀ ಘಾಟಿ ಓಡಿಸಿದವರಿಗೆ ಅದರಲ್ಲಿ ರುಚಿ ಸಿಗಲಾರದೆಂದು ನನ್ನ ಭಾವನೆ.

ಹಾಗಾಗಿ ನಿಮ್ಮ ತಂದೆಗೆ ನಾನು ಮನಸಾರೆ ಸೂಚಿಸುವುದು ಬ್ರ್ಯಾಂಡ್ಸ್ ಹ್ಯಾಚ್. ನನ್ನ ಮನೆಗೆ ಹತ್ತಿರವೆಂದು ಹೇಳುತ್ತಿಲ್ಲ. ಅಲ್ಲಿ ಪ್ಯಾಡಕ್ ಹಿಲ್ ಎಂಬ ಮೊದಲ ತಿರುವಿದೆ. ನೇರ ದಾರಿಯ ಕೊನೆಯಲ್ಲಿ ಬಲಕ್ಕೆ ತಿರುಗಬೇಕು. ತಿರುಗುತ್ತಿದ್ದಂತೆಯೇ ನೆಲ ಕೆಳಕ್ಕೆ ಜಾರುತ್ತದೆ, ತಿರುವಿನ ಹೊರಬದಿ ಕಾರಿನ ಮೂತಿಯ ಮರೆಯಲ್ಲಿ ಒಂದು ಕ್ಷಣ ಕಾಣುವುದೇ ಇಲ್ಲ, ತಳ ಮುಟ್ಟಿದಾಗ ಮೈಯೆಲ್ಲ ಸೀಟಿಗೆ ಒತ್ತಿಕೊಳ್ಳುತ್ತದೆ, ಮರುಕ್ಷಣ ಮತ್ತೆ ಏರು. ಇಳಿಜಾರಿನಲ್ಲಿ ತಿರುವು ಬಂದಾಗ ಬ್ರೇಕಿನ ಕೆಲಸವನ್ನು ತಿರುವಿಗೆ ಮೊದಲೇ ಮುಗಿಸಬೇಕು ಎಂಬುದನ್ನು ನಮಗೆಲ್ಲ ಇಲ್ಲಿ ಹೇಳಿ ಹೇಳಿ ಕಲಿಸುತ್ತಾರೆ. ನಲವತ್ತು ಪ್ರಯಾಣಿಕರನ್ನು ಕೂರಿಸಿಕೊಂಡು ಮಳೆಗಾಲದ ರಾತ್ರಿಯಲ್ಲಿ ಶಿರಾಡಿ ಇಳಿಸಿದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಭಾರ ಮುಂದಕ್ಕೆ ವಾಲುವುದು, ಒಂದು ಬದಿಗೆ ವಾಲುವುದು, ಇವುಗಳನ್ನು ಅವರ ಸೊಂಟವೇ ಗುರುತಿಸುತ್ತದೆ. ಅವರು ಹೊಸದಾಗಿ ಕಲಿಯಬೇಕಾದದ್ದು ಎರಡೇ. ಒಂದು, ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತುತ್ತ ಬರುವ ಬದಲು ಕೊಂಚ ತಡವಾಗಿ, ಬಲವಾಗಿ ಒತ್ತಿ, ತಿರುಗುವಾಗ ಸಡಿಲಿಸುವುದು. ಎರಡು, ಎಡಬದಿಯನ್ನೇ ಹಿಡಿದು ಹೋಗುವ ರೂಢಿಯನ್ನು ಬಿಟ್ಟು ರಸ್ತೆಯ ಅಗಲವನ್ನೆಲ್ಲ ಬಳಸುವುದು. ಎದುರಿನಿಂದ ಯಾರೂ ಬರುವುದಿಲ್ಲ ಎಂಬುದನ್ನು ನಂಬಲು ಅವರಿಗೆ ಒಂದೆರಡು ಸುತ್ತುಗಳೇ ಬೇಕಾಗಬಹುದು. ಒಂದೇ ಕಾರು, ಹೆಚ್ಚು ಸುತ್ತು ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ: ಮೊದಲ ಮೂರು ಸುತ್ತು ಕಾರನ್ನು ಅರಿಯಲು ಹೋಗುತ್ತವೆ, ನಾಲ್ಕನೆಯದರಿಂದ ಚಾಲನೆ ಶುರುವಾಗುತ್ತದೆ.

ಮಂಡಿಯ ನೋವಿಗೆ ಬಂದರೆ, ಕಾರಿನ ಆಯ್ಕೆ ಅಲ್ಲೇ ಅರ್ಧ ನಿರ್ಧಾರವಾಗುತ್ತದೆ. ಮೆಕ್‌ಲಾರೆನ್ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವುದು ನೋಡಲು ಚೆಂದ, ಆದರೆ ಅದರ ಹೊಸ್ತಿಲು ಅಗಲ, ಸೀಟು ನೆಲಕ್ಕೆ ಹತ್ತಿರ. ನೋವಿನ ಕಾಲನ್ನು ಮಡಿಚಿ ಒಳಗೆ ತರುವುದು ಕಷ್ಟ. ಏರಿಯಲ್ ಆಟಮ್‌ನಂಥವಕ್ಕೆ ಬಾಗಿಲೇ ಇಲ್ಲ, ಮೇಲಿನಿಂದ ಹತ್ತಿ ಇಳಿಯಬೇಕು. ಅವು ಬೇಡವೇ ಬೇಡ. ಆಡಿ ಆರ್8 ಬಾಗಿಲು ಸಾಮಾನ್ಯ ಕಾರಿನದರಂತೆಯೇ, ಒಳಗೆ ಕುಳಿತಾಗ ಹೊರಗಿನದೆಲ್ಲ ಚೆನ್ನಾಗಿ ಕಾಣುತ್ತದೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವುದರಿಂದ ಮಳೆ ಬಂದರೂ ಧೈರ್ಯವಿರುತ್ತದೆ. ಬೆನ್ನ ಹಿಂದೆ ಕೂಗುವ ಅದರ 5.2 ಲೀಟರಿನ ವಿ10 ಎಂಜಿನ್ ಲಂಬೋರ್ಗಿನಿ ಗಲ್ಲಾರ್ಡೊ, ಹುರಾಕಾನ್‌ಗಳ ಎಂಜಿನ್ನಿನ ಒಡಹುಟ್ಟೇ. ನಿಸಾನ್ ಜಿಟಿ-ಆರ್ ಸೀಟು ಇನ್ನೂ ಎತ್ತರ. ಯಾವುದೇ ಆದರೂ ಸ್ಟಿಯರಿಂಗ್ ಬಲಗಡೆ ಇರುವ ಕಾರೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಕೆಲವರು ಎಡಗಡೆಯ ಸ್ಟಿಯರಿಂಗಿನ ಕಾರುಗಳನ್ನೂ ಇಟ್ಟಿರುತ್ತಾರೆ.

ಗೇರ್ ಬಗ್ಗೆ ಚಿಂತೆ ಬೇಡ. ಈ ಕಾರುಗಳಲ್ಲಿ ಸ್ಟಿಯರಿಂಗಿನ ಹಿಂದೆ ಎರಡು ರೆಕ್ಕೆಗಳಿರುತ್ತವೆ, ಬಲದ್ದು ಎಳೆದರೆ ಗೇರ್ ಮೇಲೆ, ಎಡದ್ದು ಎಳೆದರೆ ಕೆಳಗೆ. ಬೇಡವೆಂದರೆ ಕಾರು ತಾನೇ ಗೇರ್ ಬದಲಿಸಿಕೊಳ್ಳುತ್ತದೆ. ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ. ಆ ಕಾಲನ್ನು ಬದಿಯ ಪಟ್ಟಿಯ ಮೇಲೆ ಊರಿ ಇಟ್ಟುಕೊಳ್ಳಲು ಮೊದಲೇ ಹೇಳಿಬಿಡಿ, ಇಲ್ಲವಾದರೆ ಅದು ಹೋಗಿ ಬ್ರೇಕ್ ಮೇಲೆ ಬೀಳುತ್ತದೆ.

ಚೆನ್ನೈ ಕನ್ನಡಿಗ:

ಊರಿನಲ್ಲೇ ಏಕೆ ಮಾಡಬಾರದು ಎಂದು ಯಾರಾದರೂ ಕೇಳಬಹುದೆಂದು ಇಲ್ಲಿನ ಸ್ಥಿತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿಗೆ ಹತ್ತಿರವಿರುವ ದೊಡ್ಡ ಟ್ರ್ಯಾಕ್ ಎಂದರೆ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈಯಲ್ಲಿರುವ, 3.717 ಕಿಲೋಮೀಟರಿನದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅದಕ್ಕಿಂತ ಚಿಕ್ಕದು. ಇಲ್ಲಿ ರೇಸಿಂಗ್ ಶಾಲೆಗಳು ಒಳ್ಳೆಯ ತರಬೇತಿ ಕೊಡುತ್ತವೆ, ಆದರೆ ಹೆಚ್ಚಾಗಿ ಒಬ್ಬರೇ ಕೂರುವ ಫಾರ್ಮುಲಾ ಕಾರಿನಲ್ಲಿ. ಅದರೊಳಗೆ ಕಾಲು ಚಾಚಿ ಮಲಗಿದಂತೆ ಕೂರಬೇಕು, ಪಕ್ಕದಲ್ಲಿ ಹೇಳಿಕೊಡುವವರು ಇರುವುದಿಲ್ಲ. ಇಪ್ಪತ್ತೈದರ ತಮ್ಮನಿಗೆ ಅದು ಅತ್ಯುತ್ತಮ ಉಡುಗೊರೆ. ಮಂಡಿ ನೋವಿರುವ ತಂದೆಗೆ ಇಂಗ್ಲೆಂಡಿನ ವ್ಯವಸ್ಥೆಯೇ ಸರಿ.

ಸಕಲೇಶಪುರದವಳು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ಸಂಶಯಗಳಿವೆ. ಲೈಸೆನ್ಸ್ ವಿಷಯವನ್ನು ಯಾರೂ ಹೇಳಲಿಲ್ಲ. ಮತ್ತು ಇದನ್ನು ಕೊನೆಯವರೆಗೆ ಗುಟ್ಟಾಗಿಟ್ಟು ನೇರವಾಗಿ ಟ್ರ್ಯಾಕ್‌ಗೆ ಕರೆದೊಯ್ಯೋಣವೆಂದು ಅಂದುಕೊಂಡಿದ್ದೆ, ಅದು ಸರಿಯೇ?

ತಿರುವಿನಾಚೆ (ಕೆಂಟ್):

ಭೇಟಿಗೆ ಬಂದವರು ತಮ್ಮ ದೇಶದ ಲೈಸೆನ್ಸ್‌ನಲ್ಲಿ ಇಲ್ಲಿನ ರಸ್ತೆಗಳಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಟ್ರ್ಯಾಕ್ ಖಾಸಗಿ ಜಾಗವಾದ್ದರಿಂದ ಅಲ್ಲಿ ನಡೆಸುವವರ ನಿಯಮವೇ ಅಂತಿಮ. ಭಾರತದ ಲೈಸೆನ್ಸ್ ಒಪ್ಪುತ್ತೀರಾ ಎಂದು ಇಮೇಲ್ ಮೂಲಕ ಕೇಳಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ. ವಯಸ್ಸು, ಎತ್ತರ, ತೂಕ, ಆರೋಗ್ಯದ ಷರತ್ತುಗಳನ್ನೂ ಅದರಲ್ಲೇ ಕೇಳಿಬಿಡಿ. ಭಾರತದಲ್ಲಿ 55 ದಾಟಿದವರಿಗೆ ಒಮ್ಮೆಗೆ ಐದು ವರ್ಷಕ್ಕೆ ಮಾತ್ರ ನವೀಕರಿಸಿ ಕೊಡುತ್ತಾರೆ, ಆದ್ದರಿಂದ ಅವರು ವಿಮಾನ ಹತ್ತುವ ಮೊದಲೇ ಅವಧಿ ಮುಗಿಯುವ ದಿನಾಂಕ ನೋಡಿಸಿ.

ಡಿಪೋ ಮಗ (ಹಾಸನ):

ಗುಟ್ಟಿನ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ತಂದೆಯೂ ಸಾರಿಗೆ ಚಾಲಕರಾಗಿದ್ದವರು. ಡ್ಯೂಟಿಗೆ ಹೊರಡುವ ಮುನ್ನ ಅವರು ಕಬ್ಬಿಣದ ಸರಳಿನಿಂದ ಒಂದೊಂದು ಟೈರಿಗೂ ತಟ್ಟಿ, ಬಗ್ಗಿ ಸದ್ದು ಕೇಳುತ್ತಿದ್ದರು. ಜೋಡಿ ಚಕ್ರದ ಒಳಗಿನ ಟೈರಿನ ಗಾಳಿ ಇಳಿದಿದ್ದರೆ ಆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಬ್ರೇಕಿನ ಗಾಳಿಯ ಮುಳ್ಳು ಮೇಲೇರುವವರೆಗೆ ಬಸ್ಸನ್ನು ಕದಲಿಸುತ್ತಿರಲಿಲ್ಲ. ಅಂಥವರನ್ನು ಏನೂ ಹೇಳದೆ ಕರೆದೊಯ್ದು, ಹೆಲ್ಮೆಟ್ ತೊಡಿಸಿ, ಹತ್ತು ಜನರ ಎದುರು ತಿಳಿಯದ ವಾಹನದಲ್ಲಿ ಕೂರಿಸಿದರೆ ಅವರಿಗೆ ಆಗುವುದು ಸಂತೋಷವಲ್ಲ, ಮುಜುಗರ. ಒಂದು ವಾರ ಮೊದಲೇ ಹೇಳಿ. ಆ ಟ್ರ್ಯಾಕಿನ ವಿಡಿಯೋ ತೋರಿಸಿ. ಅವರು ಅದನ್ನು ಹತ್ತು ಸಲ ನೋಡಿ ತಿರುವುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ, ಆ ಒಂದು ವಾರವೂ ಉಡುಗೊರೆಯ ಭಾಗವೇ. ಯಾವ ಕಾರು ಬೇಕು ಎಂದೂ ಅವರನ್ನೇ ಕೇಳಿ. ಮಂಡಿಗೆ ಅನುಕೂಲವೆಂದು ನಾವು ಆರಿಸಿದ ಕಾರಿಗಿಂತ, ಹತ್ತಿ ಇಳಿಯಲು ಕೊಂಚ ಕಷ್ಟವಾದರೂ ಅವರು ಬಯಸಿದ ಕಾರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸಕಲೇಶಪುರದವಳು:

ಈ ಮಾತು ಓದಿದ ಮೇಲೆ ನಿನ್ನೆ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ, ‘ಹಿಂದೆ ಬರುವವರಿಗೆ ದಾರಿ ಹೇಗೆ ಬಿಡುವುದು?’ ಎಂಬುದು. ಯಾವ ಕಾರು ಬೇಕೆಂದು ಕೇಳಿದಾಗ, ಫೆರಾರಿ ಎಂಬ ಹೆಸರು ಕೇಳಿ ಗೊತ್ತು, ಆದರೆ ಬ್ರೇಕ್ ಚೆನ್ನಾಗಿರುವುದು ಯಾವುದೋ ಅದಿರಲಿ ಎಂದರು. ಆಡಿ ಆರ್8 ಬಗ್ಗೆ ತಿರುವಿನಾಚೆಯವರು ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಇಳಿಜಾರಿನ ಆ ತಿರುವಿನ ವರ್ಣನೆಯನ್ನು ಎರಡು ಸಲ ಓದಿಸಿಕೊಂಡರು, ಅದೇ ಇರಲಿ ಎಂದು ಒಪ್ಪಿದರು.

ಜೂನ್ ತಿಂಗಳ ಒಂದು ಮಂಗಳವಾರಕ್ಕೆ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಬಲಗಡೆ ಸ್ಟಿಯರಿಂಗಿನ ಆರ್8, ಒಂಬತ್ತು ಸುತ್ತು ಎಂದು ಕಾಯ್ದಿರಿಸಿದ್ದೇನೆ. ಲೈಸೆನ್ಸ್ ಒಪ್ಪುವುದಾಗಿ ಅವರಿಂದ ಇಮೇಲ್ ಉತ್ತರವೂ ಬಂದಿದೆ, ಹಾನಿಯ ಶುಲ್ಕವನ್ನು ಈಗಲೇ ಕಟ್ಟಿದ್ದೇನೆ. ಅಪ್ಪನ ಲೈಸೆನ್ಸ್ ಅವಧಿ ಆಗಸ್ಟಿನಲ್ಲಿ ಮುಗಿಯುತ್ತದೆಯಂತೆ, ತೊಂದರೆಯಿಲ್ಲ. ಅಂಗಾಲಿಗೆ ಪೆಡಲ್ ತಿಳಿಯಬೇಕೆಂದು ಡ್ಯೂಟಿಗೆ ಹಾಕಿಕೊಳ್ಳುತ್ತಿದ್ದ ತೆಳು ಅಟ್ಟೆಯ ಕಪ್ಪು ಬೂಟನ್ನು ಸೂಟ್‌ಕೇಸಿನಲ್ಲಿ ಇಡಲು ಅಮ್ಮನಿಗೆ ಹೇಳಿದ್ದಾರೆ.