ಹಳೆಯ ಮೈಫರ್ಡ್ ಎಂಎಲ್7 ಲೇತ್: ಕೊಳ್ಳುವಾಗ ಏನು ನೋಡಬೇಕು, ಮನೆಯಲ್ಲಿ ಹೇಗೆ ಕೂರಿಸಬೇಕು?

ಪ್ರಶ್ನೆ

ಬಹಳ ವರ್ಷಗಳಿಂದ ಓಡದೆ ನಿಂತಿದ್ದ ಮೈಫರ್ಡ್ ಎಂಎಲ್7 ಲೇತ್ (ಲೋಹವನ್ನು ತಿರುಗಿಸುತ್ತ ಕತ್ತರಿಸಿ ರೂಪಿಸುವ ಯಂತ್ರ) ಒಂದು ಮಾರಾಟಕ್ಕಿದೆ. ಮೈಗೆ ಹೊಸ ಬಣ್ಣ ಬಳಿದಿದ್ದಾರೆ. ಕತ್ತರಿಸಬೇಕಾದ ಲೋಹವನ್ನು ಹಿಡಿಯುವ ಮೂರು ದವಡೆಯ ಚಕ್ ಜೊತೆಗಿದೆ. ಮೂಲ ಮೋಟಾರನ್ನು ತೆಗೆದು ಯಾರೋ ತ್ರೀ ಫೇಸ್ ಮೋಟಾರು ಕೂರಿಸಿದ್ದಾರೆ, ಆದರೆ ನನ್ನ ಮನೆಗಿರುವುದು ಸಿಂಗಲ್ ಫೇಸ್ ಸಂಪರ್ಕ ಮಾತ್ರ. ಉಗಿಯಂತ್ರದ ಚಿಕ್ಕ ಮಾದರಿಗಳನ್ನು ಮಾಡಬೇಕೆಂಬುದು ನನ್ನ ಬಹುಕಾಲದ ಆಸೆ. ಮಾರುವವರು ಯಂತ್ರವನ್ನು ಓಡಿಸಿ ತೋರಿಸಲು ಒಪ್ಪಿದ್ದಾರೆ. ಆ ಅಲ್ಪ ಸಮಯದಲ್ಲಿ ನಾನು ಯಾವುದನ್ನು ಪರೀಕ್ಷಿಸಬೇಕು, ಮನೆಗೆ ತಂದ ಮೇಲೆ ಮರದ ಮೇಜಿನ ಮೇಲೆ ಕೂರಿಸಿದರೆ ಸಾಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಹೊಸ ಬಣ್ಣಕ್ಕೆ ಯಾವ ಬೆಲೆಯನ್ನೂ ಕೊಡಬೇಡಿ. ಲೇತಿನ ಆಯುಸ್ಸು ಇರುವುದು ಬೆಡ್‌ನಲ್ಲಿ, ಅಂದರೆ ಉಳಿದ ಭಾಗಗಳು ಕೂತು ಸರಿಯುವ ಉದ್ದನೆಯ ತಳದಲ್ಲಿ. ಹೆಚ್ಚಿನ ಕೆಲಸವೆಲ್ಲ ಚಕ್‌ನ ಹತ್ತಿರವೇ ನಡೆಯುವುದರಿಂದ ಬೆಡ್ ಅಲ್ಲಿಯೇ ಮೊದಲು ಸವೆಯುತ್ತದೆ. ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಸ್ಯಾಡಲನ್ನು ಚಕ್ ಇರುವ ತುದಿಯ ಹೆಡ್‌ಸ್ಟಾಕ್ ಬಳಿ ತಂದು, ಅಲುಗಾಟವಿಲ್ಲದಂತೆ ಗಿಬ್ (ಸಡಿಲವನ್ನು ಹೊಂದಿಸುವ ಪಟ್ಟಿ) ಬಿಗಿಮಾಡಿ, ನಿಧಾನವಾಗಿ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ಸರಿಸಿ ನೋಡಿ. ಕಡಿಮೆ ಸವೆದ ಕಡೆಗೆ ಹೋದಂತೆ ಸ್ವಲ್ಪ ಬಿಗಿಯಾದರೆ ಹಳೆಯ ಯಂತ್ರಕ್ಕೆ ಅದು ಸಹಜ. ಅರ್ಧ ದಾರಿಯಲ್ಲೇ ಕಚ್ಚಿಕೊಂಡು ನಿಂತರೆ ಬೆಡ್ಡನ್ನು ಗ್ರೈಂಡ್ ಮಾಡಿಸದೆ ಬೇರೆ ದಾರಿಯಿಲ್ಲ, ಅಂಥದ್ದನ್ನು ನಾನಾದರೆ ಬಿಟ್ಟುಬರುತ್ತೇನೆ.

ಚಕ್‌ನಲ್ಲಿ ದಪ್ಪ ಸರಳೊಂದನ್ನು ಹಿಡಿಸಿ, ಚಕ್ಕನ್ನು ತಿರುಗಿಸುವ ದಂಡವಾದ ಸ್ಪಿಂಡಲ್‌ನ ಮೂತಿಯ ಮೇಲೆ, ಸೂಕ್ಷ್ಮ ಅಲುಗಾಟ ತೋರಿಸುವ ಡಯಲ್ ಗೇಜ್ ಇಟ್ಟು, ಸರಳನ್ನು ಮೇಲಕ್ಕೆತ್ತಿ ನೋಡಿ. ಮುಳ್ಳು ಗಣನೀಯವಾಗಿ ಓಡಿದರೂ ಗಾಬರಿಯಾಗಬೇಕಿಲ್ಲ, ಏಕೆಂದರೆ ಎಂಎಲ್7ನ ಬೇರಿಂಗ್‌ಗಳು ವೈಟ್ ಮೆಟಲ್ ಎಂಬ ಮೆತು ಮಿಶ್ರಲೋಹ ಹಾಕಿದ ಎರಡು ಹೋಳಿನವು, ನಡುವಿನ ಶಿಮ್ ಎಂಬ ತೆಳು ತಗಡಿನ ಪದರಗಳನ್ನು ತೆಗೆದು ಅಲುಗಾಟವನ್ನು ತಗ್ಗಿಸಬಹುದು. ಥ್ರೆಡ್ (ತಿರುಪಿನ ಸುತ್ತು) ಕತ್ತರಿಸಲು ಬದಲಿಸಿ ಹಾಕುವ ಚೇಂಜ್ ಗೇರ್‌ಗಳನ್ನು ಮಾತ್ರ ಒಂದೊಂದಾಗಿ ಎಣಿಸಿಕೊಳ್ಳಿ. ಆಗ ಸ್ಯಾಡಲನ್ನು ಸರಿಸುವ ಉದ್ದನೆಯ ತಿರುಪಾದ ಲೀಡ್ ಸ್ಕ್ರೂ ಇಂಚಿಗೆ 8 ಸುತ್ತಿನದಾದ್ದರಿಂದ, ಮೆಟ್ರಿಕ್ ಥ್ರೆಡ್ಡನ್ನು ಕರಾರುವಾಕ್ಕಾಗಿ ಕತ್ತರಿಸಲು 127 ಹಲ್ಲಿನ ಗೇರ್ ಬೇಕಾಗುತ್ತದೆ.

ಉತ್ತರ 2

ವಿದ್ಯುತ್ತಿನ ಬಗ್ಗೆ ಮಾತ್ರ ಹೇಳುತ್ತೇನೆ. ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಎಂಬ ವಿದ್ಯುತ್ ಸಾಧನ ಹಾಕಿದರೆ ಇದೇ ಮೋಟಾರು ಓಡುತ್ತದೆ, ವೇಗವನ್ನೂ ಹೆಚ್ಚು ಕಡಿಮೆ ಮಾಡಬಹುದು. ಆದರೆ ಸಾಮಾನ್ಯ ವಿಎಫ್‌ಡಿ ವೋಲ್ಟೇಜನ್ನು ಏರಿಸುವುದಿಲ್ಲ. ಹಾಗಾಗಿ ಮೋಟಾರಿನ ಫಲಕ ನೋಡಿ, ಅದರ ಸುರುಳಿಗಳನ್ನು ಸ್ಟಾರ್ ಜೋಡಣೆಯಿಂದ ಕಡಿಮೆ ವೋಲ್ಟೇಜಿಗೆ ಹೊಂದುವ ಡೆಲ್ಟಾ ಸಂಪರ್ಕಕ್ಕೆ ಬದಲಿಸಬಹುದೇ ಎಂದು ಖಚಿತಪಡಿಸಿಕೊಳ್ಳಿ. ವಿಎಫ್‌ಡಿಗೂ ಮೋಟಾರಿಗೂ ನಡುವೆ ಸ್ವಿಚ್ ಹಾಕಬೇಡಿ. ಈ ಲೇತಿನಲ್ಲಿ ಚಕ್ ಸ್ಪಿಂಡಲ್‌ಗೆ ತಿರುಪಿನಿಂದ ಕೂರುತ್ತದೆ; ಹಿಮ್ಮುಖ ತಿರುಗಿಸಿ ಕತ್ತರಿಸಿದರೆ, ಅಥವಾ ವೇಗದಲ್ಲಿದ್ದಾಗ ಬಲವಾಗಿ ಬ್ರೇಕ್ ಹಾಕಿದರೆ ಅದು ಬಿಚ್ಚಿಕೊಂಡು ಬರಬಹುದು.

ಉತ್ತರ 3

ಮರದ ಮೇಜು ಬೇಡ. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವಾಗ ಅದಕ್ಕೆ ಬಿಗಿದ ಬೆಡ್ಡನ್ನೂ ತಿರುಚುತ್ತದೆ. ನೋಡಲು ಕಲ್ಲಿನಂತಿರುವ ಎರಕದ ಕಬ್ಬಿಣ ಬೋಲ್ಟ್ ಬಿಗಿದಷ್ಟಕ್ಕೇ ತಿರುಚಿಕೊಳ್ಳುತ್ತದೆ ಎಂದರೆ ಮೊದಮೊದಲು ನನಗೂ ನಂಬಿಕೆ ಬಂದಿರಲಿಲ್ಲ. ದಪ್ಪ ಆಂಗಲ್‌ಗಳಿಂದ ಬೆಸೆದ ಗಟ್ಟಿಯಾದ ಸ್ಟ್ಯಾಂಡ್ ಮಾಡಿಸಿ. ಸಾಗಿಸುವ ಮೊದಲು ಚಕ್, ಟೇಲ್‌ಸ್ಟಾಕ್, ಮೋಟಾರು ಬಿಚ್ಚಿಡಿ, ಲೀಡ್ ಸ್ಕ್ರೂ ಹಿಡಿದು ಎಂದೂ ಎತ್ತಬೇಡಿ.

ಕೂರಿಸುವಾಗ ಗಾರೆ ಕೆಲಸದ ರಸಮಟ್ಟ ಸಾಲದು, ಮೀಟರಿಗೆ 0.02 ಮಿ.ಮೀ. ತೋರಿಸುವ ಯಂತ್ರಗಳ ಲೆವೆಲ್ ಬೇಕು. ಅದನ್ನು ಬೆಡ್‌ಗೆ ಅಡ್ಡಲಾಗಿ ಎರಡೂ ತುದಿಗಳಲ್ಲಿ ಇಟ್ಟಾಗ ಗುಳ್ಳೆ ಒಂದೇ ಕಡೆ ನಿಂತರೆ ಸಾಕು. ಯಂತ್ರ ಸಮತಲದಲ್ಲಿರುವುದು ಮುಖ್ಯವಲ್ಲ, ತಿರುಚದಿರುವುದು ಮುಖ್ಯ. ತೂಗಾಡುವ ಹಡಗುಗಳಲ್ಲಿಯೂ ಲೇತ್‌ಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಕೊನೆಯ ತೀರ್ಪು ಕತ್ತರಿಸಿದ ಲೋಹದ್ದು. ಸುಮಾರು 25 ಮಿ.ಮೀ. ದಪ್ಪದ ಸರಳನ್ನು ಚಕ್‌ನಿಂದ 150 ಮಿ.ಮೀ. ಹೊರಚಾಚುವಂತೆ ಹಿಡಿದು, ಟೇಲ್‌ಸ್ಟಾಕ್‌ನ ಆಸರೆ ಕೊಡದೆ, ಎರಡೂ ತುದಿಗಳಲ್ಲಿ ಉಂಗುರದಂತೆ ಉಬ್ಬು ಉಳಿಸಿ ನಡುವಿನ ಭಾಗವನ್ನು ತಗ್ಗಿಸಿ. ನಂತರ ಹರಿತವಾದ ಟೂಲ್‌ನಿಂದ, ಟೂಲನ್ನು ಅಡ್ಡಲಾಗಿ ಒಳಹೊರಗೆ ಸರಿಸುವ ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಉಬ್ಬುಗಳ ಮೇಲೆ ಅತಿ ತೆಳುವಾದ ಒಂದೇ ಕಟ್ ಓಡಿಸಿ ಮೈಕ್ರೋಮೀಟರಿನಿಂದ ಅಳೆಯಿರಿ. ಹೊರತುದಿ ದಪ್ಪವಾಗಿದ್ದರೆ ಅಲ್ಲಿ ಟೂಲ್ ಕೆಲಸದಿಂದ ದೂರ ಸರಿದಿದೆ ಎಂದರ್ಥ. ಟೇಲ್‌ಸ್ಟಾಕ್ ಕಡೆಯ ಪಾದದಲ್ಲಿ ನೀವು ನಿಲ್ಲುವ ಬದಿಗೆ ತೆಳು ತಗಡು ಕೊಡಿ. ತೆಳುವಾಗಿದ್ದರೆ ಹಿಂಬದಿಗೆ ಕೊಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಯಾಡಲ್ ಕಡೆಯವರೆಗೂ ಸರಿಯಿತು, ಯಂತ್ರವನ್ನು ಕೊಂಡೆ. ಉಕ್ಕಿನ ಸ್ಟ್ಯಾಂಡಿನ ಮೇಲೆ ಮೊದಲು ಕತ್ತರಿಸಿದಾಗ ಹೊರತುದಿ 0.08 ಮಿ.ಮೀ. ದಪ್ಪವಿತ್ತು. ಮುಂಬದಿಗೆ ತಗಡು ಸೇರಿಸುತ್ತ, ಪ್ರತಿ ಬಾರಿಯೂ ಬೋಲ್ಟ್ ಬಿಗಿದು ಮತ್ತೆ ಕತ್ತರಿಸುತ್ತ ಹೋದೆ. ಐದನೆಯ ಸಲಕ್ಕೆ ವ್ಯತ್ಯಾಸ 0.01ಕ್ಕೆ ಇಳಿಯಿತು. 127 ಹಲ್ಲಿನ ಗೇರ್ ಇನ್ನೂ ಸಿಕ್ಕಿಲ್ಲ. ಸ್ಟ್ಯಾಂಡ್ ನೆಲಕ್ಕೆ ಒಗ್ಗಿಕೊಂಡ ಮೇಲೆ, ಒಂದು ತಿಂಗಳು ಬಿಟ್ಟು, ಅದೇ ಸರಳಿನಿಂದ ಮತ್ತೊಮ್ಮೆ ಅಳೆದು ಇಲ್ಲಿ ಬರೆಯುತ್ತೇನೆ.